ಫಲಕದಲ್ಲಿ ಇಲ್ಲದವರು

2024ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಬ್ರಿಟಿಷ್ ಚಿತ್ರ ‘ಜಾಯ್’ ಒಂದು ಹೆಸರಿಗಾಗಿ ಹಟ ಹಿಡಿದ ಚಿತ್ರ. ಜಗತ್ತಿನ ಮೊದಲ ಪ್ರನಾಳ ಶಿಶುವಿನ ನೆನಪಿಗೆ ಓಲ್ಡ್‌ಹ್ಯಾಮ್‌ನಲ್ಲಿ ಹಾಕುವ ಫಲಕದಲ್ಲಿ ಜೀನ್ ಪರ್ಡಿ ಅವರ ಹೆಸರೂ ಇರಲೇಬೇಕೆಂದು ವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್ ಪತ್ರ ಬರೆದಿದ್ದರು. ಎಡ್ವರ್ಡ್ಸ್‌ಗೆ 2010ರಲ್ಲಿ ಇದೇ ಸಾಧನೆಗೆ ನೊಬೆಲ್ ಬಂತು. ಅದರಲ್ಲಿ ಜೊತೆಗಿದ್ದ ಶಸ್ತ್ರವೈದ್ಯ ಪ್ಯಾಟ್ರಿಕ್ ಸ್ಟೆಪ್ಟೋ ಅಷ್ಟರಲ್ಲಿ ತೀರಿಕೊಂಡಿದ್ದರು. ಪ್ರಯೋಗಾಲಯದ ಹೊಣೆಯನ್ನೆಲ್ಲ ಹೊತ್ತ ಜೀನ್ 1985ರಲ್ಲೇ, 39ರ ವಯಸ್ಸಿಗೆ ಹೋಗಿಬಿಟ್ಟರು. ನರ್ಸ್ ಆಗಿ ತರಬೇತಿ ಪಡೆದ ಈ ಹೆಣ್ಣುಮಗಳನ್ನು ಕತೆಯ ನಡುವೆ ನಿಲ್ಲಿಸಿದ್ದು ನಿರ್ದೇಶಕ ಬೆನ್ ಟೇಲರ್ ಮಾಡಿದ ದೊಡ್ಡ ನ್ಯಾಯ. ಥಾಮಸಿನ್ ಮೆಕೆಂಜಿ ಆ ಪಾತ್ರವನ್ನು ಎಲ್ಲೂ ಅಬ್ಬರಿಸದೆ ಮಾಡಿದ್ದಾರೆ. ಅದರಲ್ಲೂ ಒಂದು ಸನ್ನಿವೇಶ ಮರೆಯುವಂಥದ್ದಲ್ಲ. ಪ್ರಯೋಗ ನಡೆಯುವ ಆಸ್ಪತ್ರೆಯಲ್ಲೇ ಸ್ಟೆಪ್ಟೋ ಗರ್ಭಪಾತವನ್ನೂ ಮಾಡುತ್ತಾರೆಂದು ತಿಳಿದು, ದೈವಭಕ್ತೆಯಾದ ಜೀನ್ ಕಂಗಾಲಾಗುತ್ತಾರೆ. ಮಗು ಬೇಕೋ ಬೇಡವೋ ಎಂಬ ಆಯ್ಕೆಯನ್ನು ಹೆಣ್ಣಿನ ಕೈಗೆ ಕೊಡುವುದೇ ನಮ್ಮ ಕೆಲಸ ಎಂದು ಮೇಟ್ರನ್ ಮ್ಯೂರಿಯಲ್ ತಿಳಿಹೇಳುತ್ತಾರೆ. ಇಡೀ ಚಿತ್ರದ ನೈತಿಕ ಗಟ್ಟಿತನ ಇರುವುದು ಅಲ್ಲಿ.

ಚಿಕಿತ್ಸೆಗೆ ಬಂದ ದಂಪತಿಗಳನ್ನು ಮಾತ್ರ ಈ ಚಿತ್ರ ಬಾಗಿಲ ಹೊರಗೇ ಕೂರಿಸಿಬಿಟ್ಟಿದೆ ಎಂಬುದು ನನ್ನ ತಕರಾರು.

ಆ ಮೊದಲ ಶಿಶುವಿನ ತಾಯಿ, ಬ್ರಿಸ್ಟಲ್‌ನ ಲೆಸ್ಲಿ ಬ್ರೌನ್‌ಗೆ ಎರಡೂ ಕಡೆ ಟ್ಯೂಬ್ ಬ್ಲಾಕ್ ಆಗಿತ್ತು. ಅವರೂ ರೈಲ್ವೆಯಲ್ಲಿ ದುಡಿಯುತ್ತಿದ್ದ ಗಂಡ ಜಾನ್ ಕೂಡ ಒಂಬತ್ತು ವರ್ಷ ಮಗುವಿಗಾಗಿ ಹಂಬಲಿಸಿದ್ದರು. ನಾನು ಸರಿಯಿಲ್ಲ, ನೀನು ಬೇರೆಯವಳನ್ನು ನೋಡಿಕೋ ಎಂದು ಗಂಡನಿಗೆ ಹೇಳುವ ಮಟ್ಟಿಗೆ ಲೆಸ್ಲಿ ಕುಸಿದುಹೋಗಿದ್ದರು. ಮದುವೆಯಾಗಿ ವರ್ಷ ತುಂಬುವ ಮೊದಲೇ ‘ಏನಾದರೂ ವಿಶೇಷವಾ?’ ಎಂದು ಕೇಳಿಸಿಕೊಳ್ಳುವ, ಸೀಮಂತಕ್ಕೆ ಕರೆಯದೇ ಬಿಟ್ಟರೂ ನೋವು, ಕರೆದರೂ ನೋವು ಎಂಬಂತೆ ಬದುಕುವ ನಮ್ಮ ಹೆಣ್ಣುಮಕ್ಕಳಿಗೆ ಲೆಸ್ಲಿಯ ಆ ಮಾತನ್ನು ವಿವರಿಸಿ ಹೇಳಬೇಕಿಲ್ಲ. ಚಿತ್ರದಲ್ಲಿ ಆ ಮನೆಯೇ ಇಲ್ಲ. ಬ್ರೌನ್ ದಂಪತಿ ಬರುವುದೇ ತಡವಾಗಿ. ಬಂದಮೇಲೆ ಲೆಸ್ಲಿ ಒಬ್ಬ ಒಳ್ಳೆಯ ರೋಗಿ, ಜಾನ್ ಆಕೆಯ ಪಕ್ಕದಲ್ಲಿ ನಿಂತ ಒಬ್ಬ ಒಳ್ಳೆಯ ಗಂಡ. ಇಬ್ಬರ ನಡುವೆ ಮಾತು ನಿಂತ ರಾತ್ರಿಗಳು ಎಲ್ಲಿ ಹೋದವು?

ಇನ್ನೊಂದು ಪ್ರಶ್ನೆ ಇದಕ್ಕಿಂತ ಗಂಭೀರ. ತಮ್ಮನ್ನು ತಾವೇ ‘ಓವಮ್ ಕ್ಲಬ್’ ಎಂದು ಕರೆದುಕೊಳ್ಳುವ ಹೆಂಗಸರ ಗುಂಪು ಚಿತ್ರದಲ್ಲಿದೆ. ಸಾಲಾಗಿ ಇಂಜೆಕ್ಷನ್ ಚುಚ್ಚಿಸಿಕೊಂಡು, ಒಬ್ಬರನ್ನೊಬ್ಬರು ನಗಿಸುತ್ತ, ನಮಗಲ್ಲದಿದ್ದರೂ ಮುಂದಿನವರಿಗಾದರೂ ಆಗಲಿ ಎಂದು ಎಲ್ಲ ತಿಳಿದೇ ಬಂದವರು ಇವರು. ಆದರೆ 1979ರಲ್ಲಿ ಪ್ರಕಟವಾದ ಬ್ರೌನ್ ದಂಪತಿಯ ಪುಸ್ತಕದಲ್ಲಿ ಲೆಸ್ಲಿ ಹೇಳುವುದು ಬೇರೆ. ಈ ವಿಧಾನದಿಂದ ನೂರಾರು ಮಕ್ಕಳು ಆಗಲೇ ಹುಟ್ಟಿರಬೇಕು ಎಂದುಕೊಂಡಿದ್ದರಂತೆ ಅವರು. ಜಗತ್ತಿನಲ್ಲಿ ಒಂದೂ ಹುಟ್ಟಿರಲಿಲ್ಲ! ಈ ಒಂದು ಸಂಗತಿಯೇ ಇನ್ನೊಂದು ಚಿತ್ರಕ್ಕೆ ಸಾಕು. ಪ್ರೀತಿಯಿಂದ ಚಿಕಿತ್ಸೆ ಕೊಟ್ಟ ವೈದ್ಯರೂ ಎಷ್ಟು ಹೇಳಿದರು, ಎಷ್ಟು ಹೇಳದೆ ಬಿಟ್ಟರು ಎಂದು ಕೇಳುವ ಧೈರ್ಯ ‘ಜಾಯ್’ಗೆ ಇಲ್ಲ. ತನ್ನ ಮೂವರು ನಾಯಕರ ಮೇಲಿನ ಅಭಿಮಾನ ಅದರ ಕಣ್ಣು ಕಟ್ಟಿದೆ. ಇಂದಿಗೂ ಕ್ಲಿನಿಕ್ಕುಗಳ ಜಾಹೀರಾತಿನಲ್ಲಿ ನಗುವ ಮಗುವಿನ ಫೋಟೊ ದೊಡ್ಡದಾಗಿರುತ್ತದೆ. ಸೋತ ಸೈಕಲ್‌ಗಳ ಲೆಕ್ಕ ಇರುವುದಿಲ್ಲ. ಸಾಲ ಮಾಡಿ, ಒಡವೆ ಅಡವಿಟ್ಟು ಅಲ್ಲಿ ಕೂತಿರುವವರಿಗೆ ಬೇಕಾದದ್ದು ಆ ಲೆಕ್ಕವೇ.

ನಮ್ಮ ದೇಶದ ಕತೆ ನೆನಪಾಗದಿರಲು ಸಾಧ್ಯವಿಲ್ಲ. ಲೆಸ್ಲಿಯ ಮಗಳು ಲೂಯಿಸ್ ಬ್ರೌನ್ ಹುಟ್ಟಿದ್ದು 1978ರ ಜುಲೈ 25ಕ್ಕೆ. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಪ್ರನಾಳ ಶಿಶು ‘ದುರ್ಗಾ’ ಹುಟ್ಟಿದಳು. ಸರ್ಕಾರಿ ಸಮಿತಿ ಅವರ ಮಾತನ್ನು ನಂಬಲಿಲ್ಲ. ಅವರನ್ನು ಕಣ್ಣಿನ ಚಿಕಿತ್ಸೆಯ ಸಂಸ್ಥೆಗೆ ಎತ್ತಂಗಡಿ ಮಾಡಿದರು. 1981ರ ಜೂನ್‌ನಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಅವರ ಟಿಪ್ಪಣಿಗಳನ್ನು ಓದಿ, ಮೊದಲಿಗರು ಇವರೇ ಎಂದು 1997ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದವರು ಡಾ. ಟಿ.ಸಿ. ಆನಂದ್ ಕುಮಾರ್. ಅಲ್ಲಿಯವರೆಗೆ ದೇಶದ ಮೊದಲ ಪ್ರನಾಳ ಶಿಶುವಿನ ವಿಜ್ಞಾನಿ ಎಂಬ ಹೆಗ್ಗಳಿಕೆ ಆನಂದ್ ಕುಮಾರ್ ಅವರದೇ ಆಗಿತ್ತು. ಅದನ್ನು ತಾವಾಗಿ ಬಿಟ್ಟುಕೊಟ್ಟ ಆ ದೊಡ್ಡತನಕ್ಕೆ ನಾನು ಕೈಮುಗಿಯುತ್ತೇನೆ. ತಪನ್ ಸಿನ್ಹಾರ ‘ಏಕ್ ಡಾಕ್ಟರ್ ಕಿ ಮೌತ್’ ಚಿತ್ರಕ್ಕೂ ಈ ದುರಂತವೇ ಪ್ರೇರಣೆ. ಅಲ್ಲೂ ಮುಖ್ಯ ವೈದ್ಯರೇ. ಜನ ಏನನ್ನುತ್ತಾರೋ ಎಂಬ ಅಂಜಿಕೆಯಲ್ಲಿ ಬಾಯಿಬಿಡದೆ ಉಳಿದ ದುರ್ಗಾಳ ತಂದೆತಾಯಿಯ ಮೇಲೆ ಯಾರ ಕ್ಯಾಮೆರಾವೂ ತಿರುಗಲಿಲ್ಲ. ಮಗಳು ತಾನು ಯಾರೆಂದು ಬಹಿರಂಗವಾಗಿ ಹೇಳಿಕೊಂಡಿದ್ದು ತನ್ನ 25ನೇ ಹುಟ್ಟುಹಬ್ಬಕ್ಕೆ.

ಓಲ್ಡ್‌ಹ್ಯಾಮ್ ಪ್ರಯೋಗಕ್ಕೆ ಮೈಯೊಡ್ಡಿದ ಹೆಂಗಸರು 282. ಮಗುವಾದದ್ದು ಇಬ್ಬರಿಗೆ. ಗರ್ಭ ನಿಂತ ಸಂಭ್ರಮ, ಅದು ನಾಳದಲ್ಲಿ ಕಟ್ಟಿದೆ ಎಂಬ ಸಿಡಿಲು, ಇವನ್ನೆಲ್ಲ ‘ಜಾಯ್’ ಕಾಣಿಸುತ್ತದೆ. ಆದರೆ ಜೀನ್ ಅವರ ಮುಖದಲ್ಲಿ ಕಾಣಿಸುತ್ತದೆ. ಬರಿಗೈಯಲ್ಲಿ ಮನೆಗೆ ಮರಳಿದ 280 ಮಂದಿಯಲ್ಲಿ ಒಬ್ಬಳ ಹಿಂದೆಯಾದರೂ ಕ್ಯಾಮೆರಾ ಹೋಗಬೇಕಿತ್ತು. ಆ ಸಂಜೆ ಅವಳು ಗಂಡನಿಗೆ ಏನು ಹೇಳಿದಳು, ಅವನು ಏನೆಂದ, ಮತ್ತೆ ಬರುತ್ತೇವೆಂದು ಆಸ್ಪತ್ರೆಗೆ ಹೇಳಿಕಳಿಸಿದರೋ ಇಲ್ಲವೋ ಎಂದು ತೋರಿಸಲು ಹತ್ತು ನಿಮಿಷ ಸಾಕಿತ್ತು.