‘ಮೂತ್ರ ಅಸಂಯಮ’: ಒಂದು ಪರಿಭಾಷಾವಿಮರ್ಶೆ

ವೃದ್ಧಸ್ತ್ರೀಯರಲ್ಲಿ ಇಚ್ಛೆಯಿಲ್ಲದೆ ಮೂತ್ರವು ಹೊರಬೀಳುವ ತೊಂದರೆಗೆ ಕನ್ನಡದ ಆರೋಗ್ಯಲೇಖನಗಳಲ್ಲಿ ‘ಮೂತ್ರ ಅಸಂಯಮ’ವೆಂಬ ಹೆಸರು ಬಳಕೆಗೆ ಬಂದಿದೆ. ಇಂಗ್ಲಿಷಿನ ‘ಇನ್‌ಕಾಂಟಿನೆನ್ಸ್’ ಎಂಬ ಪದಕ್ಕೆ ಇಂದ್ರಿಯನಿಗ್ರಹವಿಲ್ಲದಿರುವಿಕೆಯೆಂಬ ಅರ್ಥವೂ ಉಂಟು. ಅನುವಾದಕರು ಅದನ್ನೇ ಹಿಡಿದಂತಿದೆ. ಪದವು ವ್ಯಾಕರಣಕ್ಕೆ ಶುದ್ಧ, ಔಚಿತ್ಯಕ್ಕೆ ದೂರ.

ಸಂಯಮವೆಂಬುದು ಸಾಧನೆಯಿಂದ ಬರುವ ಗುಣ. ಧಾರಣೆ, ಧ್ಯಾನ, ಸಮಾಧಿಗಳು ಒಂದೇ ವಿಷಯದಲ್ಲಿ ಕೂಡುವುದನ್ನು ಪತಂಜಲಿಯು ಆ ಹೆಸರಿನಿಂದ ಕರೆದಿದ್ದಾನೆ. ಲೋಕದಲ್ಲಿಯಾದರೋ ಅದು ನಾಲಗೆಗೂ ಕಾಮಕ್ರೋಧಗಳಿಗೂ ಹಾಕಿದ ಕಡಿವಾಣ. ಅದಿಲ್ಲವೆಂಬುದು ಶೀಲದೋಷವೇ ಹೊರತು ದೇಹದೋಷವಲ್ಲ. ನಾಲ್ಕು ಮಕ್ಕಳನ್ನು ಹೆತ್ತು, ಕಿಬ್ಬೊಟ್ಟೆಯ ಕೆಳಗಣ ಸ್ನಾಯುಗಳು ಸಡಿಲಗೊಂಡು, ಕೆಮ್ಮಿದೊಡನೆ ಸೀರೆ ಒದ್ದೆಯಾಗುವ ಅಜ್ಜಿಯಲ್ಲಿ ಯಾವ ಸಂಯಮಕ್ಕೆ ಕೊರತೆ?

ಪ್ರಾಚೀನ ಪದವೊಂದನ್ನು ಉದ್ಧರಿಸಿದರಾಗದೇ ಎಂದು ಪಂಡಿತರು ಕೇಳಬಹುದು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ‘ಮೂತ್ರಾತೀತ’ವಿದೆ. ಆದರೆ ಅದು ಮೂತ್ರಾಘಾತಗಳ ಸಾಲಿಗೆ ಸೇರಿದುದು. ವೇಗವನ್ನು ಬಹುಕಾಲ ತಡೆದವರಿಗೆ ಮೂತ್ರವು ಬೇಗ ಬಾರದೆ ಮೆಲ್ಲಮೆಲ್ಲನೆ ಬರುವ ಅವಸ್ಥೆ. ತಡೆದುದರಿಂದಾದ ರೋಗದ ಹೆಸರನ್ನು ತಡೆಯಲಾರದ ರೋಗಕ್ಕೆ ಅಂಟಿಸುವುದು ಸಾಧುವಲ್ಲ. ಇನ್ನು ಕೆಮ್ಮು, ಸೀನು, ಭಾರವೆತ್ತುವಿಕೆಗಳಿಂದಾಗುವ ಬಗೆಯನ್ನು ‘ಒತ್ತಡದ ಅಸಂಯಮ’ವೆನ್ನುವುದಂತೂ ಎರಡು ತಪ್ಪುಗಳ ಸಮಾಸ. ಇಂದಿನ ಕನ್ನಡದಲ್ಲಿ ಒತ್ತಡವೆಂದರೆ ಮನಸ್ಸಿನದು. ಓದಿದವಳು ಚಿಂತೆ ಬಿಟ್ಟರೆ ವಾಸಿಯಾದೀತೆಂದು ತಿಳಿದಾಳು.

ಇದು ಬರಿಯ ಶಬ್ದಜಗಳವಲ್ಲ. ಈ ವ್ಯಾಧಿಯ ಲಕ್ಷಣವೇ ಮಾತನ್ನು ಆಶ್ರಯಿಸಿದೆ. ಮೊದಲು ಪರೀಕ್ಷೆಯಿಂದ ಕಂಡುಬರತಕ್ಕ ಸ್ರಾವವನ್ನು ಮಾತ್ರ ವೈದ್ಯಪರಿಭಾಷೆಯು ಒಪ್ಪುತ್ತಿದ್ದಿತು. 2002ರಲ್ಲಿ ಅಂತರರಾಷ್ಟ್ರೀಯ ಕಾಂಟಿನೆನ್ಸ್ ಸೊಸೈಟಿಯು ರೋಗಿಯು ಹೇಳಿಕೊಂಡ ದೂರನ್ನೇ ಲಕ್ಷಣವಾಗಿ ಇಟ್ಟಿತು. ಆಕೆ ಬಾಯಿಬಿಡದಿದ್ದರೆ ರೋಗವೇ ಇಲ್ಲವೆಂದಂತಾಯಿತು.

ಚಿಕಿತ್ಸೆಯೂ ಈಗ ಸಮೂಹಕ್ಕೆ ಬಂದಿದೆ. ಅಮೆರಿಕದ ವೈದ್ಯ ಆರ್ನಲ್ಡ್ ಕೆಗೆಲ್ 1948ರಲ್ಲಿ ಪ್ರಕಟಿಸಿದ ಸ್ನಾಯುವ್ಯಾಯಾಮವೇ ಇದಕ್ಕೆ ಮೂಲ. ಮೂತ್ರವನ್ನೂ ಅಪಾನವಾಯುವನ್ನೂ ತಡೆಯುವಂತೆ ಬಿಗಿಹಿಡಿದು ಸಡಿಲಿಸುವುದು ಅದರ ಕ್ರಮ. ಕೆನಡಾದ ಮಾಂಟ್ರಿಯಲ್ ಮತ್ತು ಶೆರ್ಬ್ರೂಕ್ ನಗರಗಳಲ್ಲಿ 60 ವರ್ಷ ತುಂಬಿದ 362 ಮಂದಿ ಸ್ತ್ರೀಯರಿಗೆ ಇದನ್ನು 12 ವಾರ ಕಲಿಸಿದರು. ಕೆಲವರಿಗೆ ಒಬ್ಬೊಬ್ಬರಾಗಿ, ಕೆಲವರಿಗೆ ಎಂಟೆಂಟು ಮಂದಿಯ ಗುಂಪುಗಳಲ್ಲಿ. 2020ರಲ್ಲಿ ಪ್ರಕಟವಾದ ಫಲದಂತೆ, ಒಂದು ವರ್ಷದ ತರುವಾಯ ಸ್ರಾವವು ಒಬ್ಬೊಬ್ಬರಾಗಿ ಕಲಿತವರಲ್ಲಿ ನೂರಕ್ಕೆ 70ರಷ್ಟೂ ಗುಂಪಿನವರಲ್ಲಿ 74ರಷ್ಟೂ ಇಳಿದಿದ್ದಿತು. ಗುಂಪು ಯಾವ ರೀತಿಯಲ್ಲಿಯೂ ಕೀಳಾಗಲಿಲ್ಲ. ಇಂತಹ ತರಗತಿಯು ನಮ್ಮ ಊರಿನ ಮಹಿಳಾಸಂಘದಲ್ಲಿ ನಡೆಯಬೇಕಾದರೆ ಬಾಗಿಲಿಗೆ ಹಚ್ಚುವ ಹೆಸರು ಯಾವುದು? ‘ಅಸಂಯಮ ನಿವಾರಣೆ’ಯೆಂದು ಬರೆದ ಕೋಣೆಗೆ ಮಾನವಂತೆಯಾದ ಯಾವ ಮುದುಕಿಯೂ ಕಾಲಿಡಳು, ವ್ಯಾಯಾಮವು ಅಲ್ಲಿ ಪ್ರಾಯಶ್ಚಿತ್ತದಂತೆ ತೋರೀತು.

‘ಸೋರಿಕೆ’ ಎಂಬುದು ಸಿದ್ಧವಾಗಿಯೇ ಇದೆ; ಕೆಲವು ಲೇಖಕರು ಬಳಸಿಯೂ ಇದ್ದಾರೆ. ಮಾಡು ಸೋರುತ್ತದೆ, ಕೊಡ ಸೋರುತ್ತದೆ ಎಂದರೆ ಮನೆಯವರ ನಡತೆಯನ್ನು ಯಾರೂ ಶಂಕಿಸರು. ದುರಸ್ತಿಯ ಮಾತು ತಾನಾಗಿ ಬರುತ್ತದೆ. ಈ ಪದಕ್ಕೂ ಒಂದು ಕೊರತೆಯುಂಟು: ತಟ್ಟನೆ ವೇಗ ಬಂದು ಬಚ್ಚಲು ಸೇರುವಷ್ಟರಲ್ಲಿ ಆಗಿಹೋಗುವ ಇನ್ನೊಂದು ಬಗೆಯನ್ನು ಅದು ಪೂರ್ತಿ ಹಿಡಿಯದು. ಅದಕ್ಕೆ ‘ಅವಸರದ ಸೋರಿಕೆ’ ಎಂದೂ, ಮೊದಲನೆಯದಕ್ಕೆ ‘ಕೆಮ್ಮಿದರೆ ಸೋರಿಕೆ’ ಎಂದೂ ಬರೆಯಬಹುದು. ಎರಡನೆಯ ಹೆಸರು ಶಾಸ್ತ್ರಗ್ರಂಥಕ್ಕೆ ಒಗ್ಗದೆಂದು ಆಕ್ಷೇಪಿಸುವವರು, ಅದನ್ನು ಕೇಳಿದ ಅಜ್ಜಿಯು ವಿವರಣೆಯನ್ನು ಬೇಡಲಾರಳೆಂಬುದನ್ನೂ ಗಣಿಸತಕ್ಕದ್ದು.