‘ನೋಟ್ಸ್ ಆನ್ ನರ್ಸಿಂಗ್’ ಗ್ರಂಥದಲ್ಲಿ ರೋಗಿಯ ಮೈತೊಳೆಯುವ ವಿಚಾರ: ಒಂದು ವಿಮರ್ಶೆ

1859ರ ಕೊನೆಯಲ್ಲಿ ಲಂಡನ್ನಿನಲ್ಲಿ ಹೊರಬಂದ ಫ್ಲಾರೆನ್ಸ್ ನೈಟಿಂಗೇಲರ ಈ ಕಿರುಗ್ರಂಥವನ್ನು ಕೊಂಡಾಡುವವರು ಅನೇಕರು. ಓದಿ ತೂಗಿನೋಡುವವರು ವಿರಳ. ಇದು ದಾದಿಯರ ಕೈಪಿಡಿಯಲ್ಲ, ಇತರರ ಆರೋಗ್ಯದ ಹೊಣೆ ಹೊತ್ತ ಸ್ತ್ರೀಯರಿಗೆ ಕೊಟ್ಟ ಸೂಚನೆಗಳು ಎಂದು ಲೇಖಕಿಯೇ ಮುನ್ನುಡಿಯಲ್ಲಿ ಹೇಳಿದ್ದಾರೆ. ಹಾಸಿಗೆ ಹಿಡಿದವರ ಮೈತೊಳೆಯುವ ವಿಚಾರವಾಗಿ ಇದರಲ್ಲಿ ಬಂದಿರುವ ಅಭಿಪ್ರಾಯಗಳನ್ನು ಮಾತ್ರ ನಾವು ಪ್ರಕೃತ ಪರಿಶೀಲಿಸುತ್ತೇವೆ.

ಚರ್ಮದಿಂದ ಹೊರಬೀಳುವ ಕಲ್ಮಷವನ್ನು ತೆಗೆಯದಿದ್ದರೆ ಅದು ನಿಧಾನವಾಗಿ ವಿಷವಾಗುತ್ತದೆ, ತೊಳೆದ ಮೇಲೆ ರೋಗಿಗೆ ಉಂಟಾಗುವ ನೆಮ್ಮದಿಯೇ ಇದಕ್ಕೆ ಸಾಕ್ಷಿ ಎಂಬುದು ಅವರ ವಾದ. ರೋಗಾಣುಸಿದ್ಧಾಂತ ನೆಲೆಗೊಳ್ಳುವ ಮುಂಚಿನ ಈ ವಿವರಣೆ ಇಂದು ನಿಲ್ಲಲಾರದು. ಆದರೆ ಕಾರಣ ತಪ್ಪಾದ ಮಾತ್ರಕ್ಕೆ ಕ್ರಮವೂ ತಪ್ಪೆಂದು ಹೇಳುವಂತಿಲ್ಲ. ಒಮ್ಮೆಗೆ ಮೈಯ ಸ್ವಲ್ಪ ಭಾಗವನ್ನಷ್ಟೇ ತೆರೆಯಬೇಕು ಎಂದು ಅವರು ವಿಧಿಸುತ್ತಾರೆ. ಬೆವರು ತಡೆಯಬಾರದೆಂಬುದು ಅವರು ಕೊಟ್ಟ ಕಾರಣ. ನಾವಿಂದು ಕೊಡುವ ಕಾರಣ ಬೇರೆ: ಚರ್ಮದ ಮೇಲಿನ ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಆದುದರಿಂದ ನೀರು ಬೆಚ್ಚಗಿದ್ದರೂ ತೇವ ಉಳಿದ ಮೈ ಚಳಿಗೆ ನಡುಗುತ್ತದೆ. ಕೆಲವು ರೋಗಿಗಳ ಮೈಯನ್ನು ಬಿಸಿ ಟವೆಲಿನಿಂದ ಒರಸಬೇಕೆಂಬ ಅವರ ಮಾತು ಇಂದಿಗೂ ಗ್ರಾಹ್ಯವೇ.

ಉಜ್ಜುವ ವಿಷಯದಲ್ಲಿ ಮಾತ್ರ ನಾವು ಅವರನ್ನು ಒಪ್ಪಲಾರೆವು. ತಣ್ಣೀರು, ಸಾಬೂನು ಬೆರೆತ ತಣ್ಣೀರು, ಸಾಬೂನು ಬೆರೆತ ಬಿಸಿನೀರು ಇವುಗಳಲ್ಲಿ ತೊಳೆದು, ಯಾವುದು ಹೆಚ್ಚು ಕೊಳೆಯಾಯಿತೆಂದು ಹೋಲಿಸುವ ಪ್ರಯೋಗವನ್ನು ಅವರು ಸೂಚಿಸುತ್ತಾರೆ. ಒಂದು ಲೋಟ ಬಿಸಿನೀರು, ಒರಟು ಟವೆಲು, ಉಜ್ಜುವಿಕೆ ಇಷ್ಟಿದ್ದರೆ ಉಜ್ಜದೆ ಮಾಡಿದ ಸ್ನಾನಕ್ಕಿಂತ ಮೇಲು ಎಂಬುದು ಅವರ ನಿರ್ಣಯ. ಪ್ರಯೋಗಬುದ್ಧಿ ಶ್ಲಾಘ್ಯವೇ ಸರಿ. ಆದರೆ ಅದು ನೀರಿಗೆ ಬಂದ ಕೊಳೆಯನ್ನು ಅಳೆಯಿತು, ಚರ್ಮದಲ್ಲಿ ಉಳಿದುದನ್ನು ಅಳೆಯಲಿಲ್ಲ. ಹಬೆ ತಾಗಿದ ಕೈಯಿಂದ ಉದುರುವುದರಲ್ಲಿ ಚರ್ಮವೂ ಸೇರಿದೆಯೆಂದು ಅವರೇ ಕಂಡಿದ್ದರೂ ಅದರ ಅರ್ಥವನ್ನು ವಿಚಾರಿಸಲಿಲ್ಲ. ಚರ್ಮದ ಹೊರಪದರವು ದೇಹದ ತೇವವನ್ನು ಕಾಯುವ ಕೋಟೆ. ಅದರ ಮೇಲ್ಮೈ ಸ್ವಲ್ಪ ಆಮ್ಲೀಯ, ಪಿಎಚ್ ಸುಮಾರು 5. ಸಾಮಾನ್ಯ ಸಾಬೂನಿನದು 9ರಿಂದ 10. ಕ್ಷಾರವೂ ಒರಟು ಬಟ್ಟೆಯೂ ಕೂಡಿದರೆ, ವೃದ್ಧರ ತೆಳುಚರ್ಮ ಒಣಗಿ ಬಿರಿಯುವುದು ಸುಲಭ. ಸೌಮ್ಯ ದ್ರವದಲ್ಲಿ ನೆನೆದ, ಮತ್ತೆ ನೀರು ಹಾಕಿ ತೊಳೆಯಬೇಕಿಲ್ಲದ ಬಟ್ಟೆಗಳು ಇಂದು ಬಳಕೆಗೆ ಬಂದಿರುವುದಕ್ಕೆ ಇದೂ ಒಂದು ಕಾರಣ.

ಗ್ರಂಥದ ಮುಖ್ಯ ದೋಷ ನಮಗೆ ಕಾಣುವುದು ಇಲ್ಲಿ: ರೋಗಿಯ ಸುಖ ಬೇರೆ, ಚರ್ಮದ ಕ್ಷೇಮ ಬೇರೆ; ಒಂದನ್ನು ಇನ್ನೊಂದಕ್ಕೆ ಪ್ರಮಾಣವಾಗಿ ಹಿಡಿಯಲಾಗದು. ಬಿಸಿನೀರಿನ ಉಜ್ಜುವಿಕೆ ಆ ಕ್ಷಣಕ್ಕೆ ಹಿತವೆನಿಸಿಯೂ ಚರ್ಮಕ್ಕೆ ಅಹಿತವಾಗಬಹುದು. ಆದರೂ ರೋಗಿಯ ನೆಮ್ಮದಿಯನ್ನು ಸಾಕ್ಷಿಯಾಗಿ ಕರೆದುದು ಸಣ್ಣ ಮಾತಲ್ಲ. ಪೂರ್ವಿಕರ ಗ್ರಂಥವನ್ನು ಪೂಜಿಸುವುದೂ ತಳ್ಳಿಹಾಕುವುದೂ ಸುಲಭ. ಅದರ ಕ್ರಮವನ್ನೂ ಕಾರಣವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುವುದು ಇತಿಹಾಸದ ವಿದ್ಯಾರ್ಥಿಯ ಕೆಲಸ.