ಶಿವತತ್ತ್ವರತ್ನಾಕರದ ಲೋಕವರ್ಣನೆ

ಕೆಳದಿಯ ಬಸವಪ್ಪನಾಯಕನು (ಆಳ್ವಿಕೆ 1697–1714) ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವನ್ನು ವಿದ್ವಾಂಸರು ಬಹುಮಟ್ಟಿಗೆ ಬಿಡಿಬಿಡಿಯಾಗಿಯೇ ಓದುತ್ತ ಬಂದಿದ್ದಾರೆ. ಇತಿಹಾಸಕಾರರು ವಿಜಯನಗರದ ಮತ್ತು ಕೆಳದಿಯ ಅರಸರ ವೃತ್ತಾಂತಕ್ಕಾಗಿ ಅದನ್ನು ಅವಲಂಬಿಸಿದರು, ಎಸ್. ಕೃಷ್ಣಸ್ವಾಮಿ ಅಯ್ಯಂಗಾರ್ಯರು 1919ರಲ್ಲಿ ಪ್ರಕಟಿಸಿದ ವಿಜಯನಗರದ ಆಕರಗಳ ಸಂಕಲನದಲ್ಲಿ ಅದರ ಭಾಗಗಳು ಸೇರಿವೆ. ಪಾಕಶಾಸ್ತ್ರ, ಸಂಗೀತ, ರತ್ನಪರೀಕ್ಷೆಗಳಲ್ಲಿ ಆಸಕ್ತರಾದವರು ತಮತಮಗೆ ಬೇಕಾದ ತರಂಗಗಳನ್ನು ಆರಿಸಿಕೊಂಡರು. ಗ್ರಂಥವು 1927ರಲ್ಲಿ ಮದರಾಸಿನಲ್ಲಿ ಅಚ್ಚಾಗಿ, ಅನಂತರ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಿಂದಲೂ ಹೊರಬಂದಿದೆ. ಆದರೂ ಸೃಷ್ಟಿಯಿಂದ ತೊಡಗಿ ಅಡುಗೆಮನೆಯವರೆಗೆ ಇಳಿಯುವ ಈ ಕೃತಿಯನ್ನು ಜಗತ್ತಿನ ಸಮಗ್ರ ನಿರೂಪಣೆಯೆಂದು ಭಾವಿಸಿ ಬೆಲೆಕಟ್ಟುವ ಪ್ರಯತ್ನ ವಿರಳ. ಅಂಥದೊಂದು ಪ್ರಯತ್ನವನ್ನು ನಾವು ಇಲ್ಲಿ ಮಾಡಬಯಸುತ್ತೇವೆ. ರಚನೆಯಲ್ಲಿ ಅರಸನ ಕೈ ಎಷ್ಟು, ಆಸ್ಥಾನಪಂಡಿತರ ಕೈ ಎಷ್ಟು ಎಂಬ ಚರ್ಚೆಯನ್ನು ಎತ್ತುವುದಿಲ್ಲ.

ಸುಮಾರು 1709ರಲ್ಲಿ ಸಿದ್ಧವಾದ ಈ ಗ್ರಂಥದಲ್ಲಿ 9 ಕಲ್ಲೋಲಗಳೂ 108 ತರಂಗಗಳೂ ಇವೆ. ಸಂಖ್ಯೆಗಳನ್ನು ವಿಷಯದ ಅಗತ್ಯಕ್ಕಿಂತ ಪಾವಿತ್ರ್ಯವೇ ಗೊತ್ತುಮಾಡಿರುವಂತೆ ತೋರುತ್ತದೆ. ಮಗನಾದ ಸೋಮಶೇಖರನ ಪ್ರಶ್ನೆಗಳಿಗೆ ತಂದೆ ಕೊಡುವ ಉತ್ತರಗಳ ರೂಪದಲ್ಲಿ ಎಲ್ಲವೂ ಬರುತ್ತದೆ. ಇದು ಅಲಂಕಾರಕ್ಕಾಗಿ ತಂದ ಚೌಕಟ್ಟಲ್ಲ. ಸೋಮಶೇಖರನು 1714ರಲ್ಲಿ ಪಟ್ಟವೇರಬೇಕಾದವನು; ಆಳುವವನಿಗೆ ತಿಳಿದಿರಬೇಕಾದುದೇ ಇಲ್ಲಿ ಜ್ಞಾನದ ಅಳತೆಗೋಲು. ಕಲ್ಯಾಣದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ ಋಣ ಗ್ರಂಥದುದ್ದಕ್ಕೂ ಕಾಣುತ್ತದೆ. ಕನ್ನಡದಲ್ಲಿಯೂ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’, ನಿಜಗುಣ ಶಿವಯೋಗಿಯ ‘ವಿವೇಕಚಿಂತಾಮಣಿ’ ಆ ಹಿಂದೆಯೇ ಹುಟ್ಟಿದ್ದವು. ಹಾಗಿದ್ದೂ ಬಸವಪ್ಪನಾಯಕನು ಸಂಸ್ಕೃತವನ್ನೇ ಆರಿಸಿದುದು ತನ್ನ ನಾಡಿನಾಚೆಯ ವಿದ್ವತ್ಸಭೆಯನ್ನು ಉದ್ದೇಶಿಸಿಯೇ ಇರಬೇಕು.

ಈಗ ಲೋಕವರ್ಣನೆಗೆ ಬರೋಣ. ಶಿವನಿಂದ ಜಗದುತ್ಪತ್ತಿ, ಊರ್ಧ್ವ ಮತ್ತು ಅಧೋಲೋಕಗಳು, ಜಂಬೂದ್ವೀಪವೇ ಮೊದಲಾದವುಗಳ ವಿವರಣೆ — ಇವೆಲ್ಲ ಪುರಾಣಾಗಮಗಳ ಮಾರ್ಗದಲ್ಲಿಯೇ ಸಾಗುತ್ತವೆ. ಇದನ್ನು ದೋಷವೆಂದು ಥಟ್ಟನೆ ಹೇಳಿಬಿಡುವುದು ಸಮಂಜಸವಲ್ಲ. ಆಪ್ತವಾಕ್ಯವನ್ನು ಪ್ರಮಾಣವಾಗಿ ಒಪ್ಪಿದ ಸಂಪ್ರದಾಯದಲ್ಲಿ ಲೋಕಸ್ವರೂಪವನ್ನು ಶಾಸ್ತ್ರದಿಂದಲೇ ತಿಳಿಯಬೇಕಷ್ಟೆ. ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ಕೆಳದಿಯ ಅರಸರಿಗೆ ಕಡಲು ಅಪರಿಚಿತವಾಗಿರಲಿಲ್ಲ. ಕರಾವಳಿಯ ಬಂದರುಗಳಿಂದ ಅವರ ನಾಡಿನ ಮೆಣಸೂ ಅಕ್ಕಿಯೂ ಹೊರಹೋಗುತ್ತಿದ್ದವು. ಶಿವಪ್ಪನಾಯಕನು 1652–54ರಲ್ಲಿ ಹೊನ್ನಾವರ, ಮಂಗಳೂರುಗಳನ್ನು ಪೋರ್ಚುಗೀಸರಿಂದ ಕಿತ್ತುಕೊಂಡಿದ್ದನು. ಇಂಥ ಮನೆತನದ ಅರಸನು ಸಮುದ್ರವನ್ನು ವರ್ಣಿಸಹೊರಟಾಗ ತನ್ನ ಹಡಗುಕಟ್ಟೆಯವರನ್ನು ಕೇಳಲಿಲ್ಲ, ಗ್ರಂಥವನ್ನು ಕೇಳಿದನು.

ಇದೇ ಘಟ್ಟಗಳ ದಕ್ಷಿಣಭಾಗದಲ್ಲಿ ಆ ಕಾಲಕ್ಕೇ ಇನ್ನೊಂದು ಬಗೆಯ ಗ್ರಂಥ ಹುಟ್ಟಿತ್ತು. ಕೊಚ್ಚಿಯ ಡಚ್ಚರ ಅಧಿಕಾರಿ ವಾನ್ ರೀಡನ ‘ಹೋರ್ಟುಸ್ ಮಲಬಾರಿಕುಸ್’ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಂಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಇಟ್ಟಿ ಅಚ್ಯುತನ್ ಎಂಬ ವೈದ್ಯನೂ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಕೊಂಕಣಿ ಬ್ರಾಹ್ಮಣರೂ ಅದಕ್ಕೆ ನೆರವಾದರು. ನಾಡವೈದ್ಯನು ಬಲ್ಲ ಗಿಡವನ್ನು ಎದುರಿಗಿಟ್ಟು ಚಿತ್ರ ಬರೆಸಿ ಗ್ರಂಥಕ್ಕೆ ಸೇರಿಸಬಹುದೆಂಬ ಕಲ್ಪನೆ ಅಲ್ಲಿತ್ತು. ಯುರೋಪಿನವರಿಗೆ ನೋಡುವ ಕಣ್ಣಿತ್ತು, ನಮ್ಮವರಿಗಿರಲಿಲ್ಲ ಎಂಬ ಹಳೆಯ ಮಾತಿಗೆ ಇದನ್ನು ಆಧಾರಮಾಡಿಕೊಳ್ಳಬಾರದು. ನೋಡಿದ ಕಣ್ಣುಗಳಲ್ಲಿ ಮೊದಲನೆಯದು ಇಟ್ಟಿ ಅಚ್ಯುತನದೇ.

ಕೆಳದಿಯ ರಾಜ್ಯದಲ್ಲಿಯೂ ಅಂಥ ಕಣ್ಣು ಇತ್ತೆಂಬುದಕ್ಕೆ ಶಿವಪ್ಪನಾಯಕನ ಶಿಸ್ತೇ ಸಾಕ್ಷಿ. ಮೈಸೂರು ಗೆಜೆಟಿಯರು ಕೊಡುವ ವೃತ್ತಾಂತದಂತೆ, ನೆಲವನ್ನು ಉತ್ತಮದಿಂದ ಅಧಮಾಧಮದವರೆಗೆ 5 ವರ್ಗಗಳಾಗಿ ವಿಂಗಡಿಸಿ, ಮಾದರಿಯ ಗದ್ದೆಗಳನ್ನು 12 ವರ್ಷ ಸರ್ಕಾರದ ವತಿಯಿಂದಲೇ ಸಾಗುವಳಿಮಾಡಿಸಿ, ಬಿತ್ತಿದ ಬೀಜ, ತಗುಲಿದ ವೆಚ್ಚ, ಬಂದ ಬೆಳೆಗಳ ಲೆಕ್ಕವಿಟ್ಟು, ಅನಂತರ ಉತ್ಪತ್ತಿಯ ಮೂರನೆಯ ಒಂದು ಪಾಲನ್ನು ಕಂದಾಯವೆಂದು ಗೊತ್ತುಮಾಡಲಾಯಿತು. ಅಡಕೆತೋಟವನ್ನು ಅಳೆಯುವ ಕೋಲಿನ ಉದ್ದವನ್ನು ಇಕ್ಕೇರಿಯ ದೇವಾಲಯದಲ್ಲಿ ಗುರುತಿಸಿಟ್ಟಿದ್ದರು. ಮಲೆನಾಡಿನ ಮಣ್ಣು, ಮಳೆ, ಬೆಳೆಗಳನ್ನು ವರ್ಷವರ್ಷವೂ ಕಂಡು ಬರೆದಿಡುವುದಕ್ಕಿಂತ ಹೆಚ್ಚಿನ ಪ್ರಕೃತಿಪರಿಶೀಲನೆ ಯಾವುದು? ಆದರೆ ಅದು ಕಡತಕ್ಕೆ ಸೇರಿದ ತಿಳಿವಳಿಕೆ, ಶ್ಯಾನುಭೋಗನ ಸ್ವತ್ತು. ಲೋಕವರ್ಣನೆಯ ತರಂಗಗಳೊಳಕ್ಕೆ ಆ ದೃಷ್ಟಿ ಕಾಲಿಡಲಿಲ್ಲ. ಒಂದೇ ಅರಮನೆಯ ಛಾವಣಿಯಡಿಯಲ್ಲಿದ್ದ ಕಡತವೂ ಗ್ರಂಥವೂ ಪರಸ್ಪರ ಮಾತಾಡಲಿಲ್ಲವೆಂಬುದು ನಮ್ಮ ಮುಖ್ಯ ಆಕ್ಷೇಪಣೆ.

1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟವನ್ನೇರಿ ಇಕ್ಕೇರಿಗೆ ಬಂದನು. ದಾರಿಯ ಗುಡಿಯೊಂದರ ಜಗಲಿಯಲ್ಲಿ ಹುಡುಗರು ಮರಳನ್ನು ಹರಡಿ ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಅವನು ಬರೆದಿಟ್ಟಿದ್ದಾನೆ. ದಾರಿಹೋಕನಿಗೆ ಅದು ಸೋಜಿಗ. ಮನೆಯವನಿಗೆ ಅದರಲ್ಲಿ ಬರೆಯುವಂಥದೇನಿದೆ?

ಹಾಗೆಂದು ಗ್ರಂಥವನ್ನು ಬರಿಯ ಸಂಗ್ರಹವೆಂದು ತಳ್ಳಿಹಾಕುವವರ ಮಾತನ್ನು ನಾವು ಒಪ್ಪಲಾರೆವು. ಅದರ ವಿನ್ಯಾಸದಲ್ಲಿ ಒಂದು ಧೈರ್ಯವಿದೆ. ಬ್ರಹ್ಮಾಂಡದಿಂದ ಹೊರಟ ಕಥನವು ದ್ವೀಪ, ದೇಶ, ರಾಜ್ಯಗಳನ್ನು ದಾಟಿ ಕೆಳದಿಯ ಚೌಡಪ್ಪನ ವಂಶಕ್ಕೆ ಬಂದು ನಿಲ್ಲುತ್ತದೆ. ಜರ್ಮನಿಯ ಹುಂಬೋಲ್ಟನು 1845ರಿಂದ ಪ್ರಕಟಿಸತೊಡಗಿದ ‘ಕೊಸ್ಮೋಸ್’ ಕೂಡ ನಕ್ಷತ್ರಲೋಕದಿಂದ ಭೂಮಿಗೆ ಇಳಿಯುವ ಕ್ರಮವನ್ನೇ ಹಿಡಿದಿದೆ. 1859ರಲ್ಲಿ ಅವನು ತೀರಿಕೊಂಡಾಗ ಐದನೆಯ ಸಂಪುಟ ಅಪೂರ್ಣವಾಗಿತ್ತು. ಅವನು ಎರಡನೆಯ ಸಂಪುಟದಲ್ಲಿ ಪ್ರಕೃತಿಯನ್ನು ಕಂಡ ಕವಿಗಳನ್ನೂ, ಕಾಳಿದಾಸನನ್ನೂ ನೆನೆಯುತ್ತಾನೆ. ಆದರೆ ಅರಸನ ಲಾಯಕ್ಕಾಗಲಿ ಅಡುಗೆಮನೆಗಾಗಲಿ ಅವನ ಜಗತ್ತಿನಲ್ಲಿ ಸ್ಥಾನವಿಲ್ಲ. ಬಸವಪ್ಪನಾಯಕನ ಜಗತ್ತಿನಲ್ಲಿ ಉಂಟು. ಕುದುರೆ, ಆನೆ, ವೈದ್ಯ, ನೃತ್ಯ, ಪಾಕ ಇವು ಸೃಷ್ಟಿವರ್ಣನೆಯೊಡನೆ ಒಂದೇ ಹೊದಿಕೆಯೊಳಗೆ ಇರುವುದನ್ನು ಅವ್ಯವಸ್ಥೆಯೆನ್ನುವುದು ನಮ್ಮ ಕಾಲದ ವಿಷಯವಿಭಾಗದ ಅಭ್ಯಾಸದಿಂದ ಬಂದ ಮಾತು.

ಅಲ್ಲದೆ, ಉಪಯೋಗದ ವಿಷಯಗಳಿಗೆ ಇಳಿದಂತೆಲ್ಲ ಗ್ರಂಥದ ಧ್ವನಿಯೇ ಬದಲಾಗುತ್ತದೆ. ಅಡುಗೆಮನೆಯ ರಚನೆ, ಒಲೆ, ಪಾತ್ರೆ, ಅನ್ನದ ಪಾಕಗಳನ್ನು ಹೇಳುವಲ್ಲಿ, ಸಾಮಗ್ರಿ ಹಿಂದಿನವರದೇ ಆಗಿದ್ದರೂ, ಕೈಯಿಂದ ಮಾಡಿದವರ ಎಚ್ಚರ ಉಳಿದಿದೆ. ವಿದ್ಯಾರ್ಥಿಗಳು ಈ ಭಾಗಗಳನ್ನು ಸ್ಥಳಗಳೊಡನೆ ಓದುವುದು ಲೇಸು: ಸಾಗರ ತಾಲ್ಲೂಕಿನ ಕೆಳದಿ ಮತ್ತು ಇಕ್ಕೇರಿ, ಬಿದನೂರೆಂದು ಹೆಸರಾಗಿದ್ದ ಹೊಸನಗರ ತಾಲ್ಲೂಕಿನ ನಗರ, ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದಮೇಲೆ ಆ ಆಸ್ಥಾನ ಉಳಿಯಲಿಲ್ಲ. ಕವಲೇದುರ್ಗದ ಅರಮನೆಯ ಅವಶೇಷಗಳ ನಡುವೆ ಕಲ್ಲಿನ ಒಲೆಯೊಂದು ಇಂದಿಗೂ ಇದೆ. ಪಾಕದ ತರಂಗಗಳನ್ನು ಓದಿದವರು ಅದನ್ನೊಮ್ಮೆ ನೋಡಬೇಕು.